ಓಟಿನ ಜೊತೆಗೆ ಒಂದು ನೋಟು: ಶಾಂತವೇರಿ ಗೋಪಾಲಗೌಡರ ಬದುಕು

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಊರುಗಳಲ್ಲಿ ಒಂದೇ ಲೆಕ್ಕಾಚಾರ. ಯಾರ ಹತ್ತಿರ ಹಣವಿದೆ, ಯಾರ ಜಾತಿಯವರು ಎಷ್ಟು ಮಂದಿ ಇದ್ದಾರೆ, ಯಾರು ಎಷ್ಟು ಹಂಚಬಲ್ಲರು ಎಂಬುದೇ ಎಲ್ಲರ ಬಾಯಲ್ಲಿ. ಬಡವರು ಚುನಾವಣೆಗೆ ನಿಲ್ಲುವ ಕಾಲ ಇದಲ್ಲ ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಆಗುಂಬೆ ಘಾಟಿ ಹತ್ತಿದರೆ ಸಿಗುವ ಮಲೆನಾಡಿನಲ್ಲಿ, ಮತದಾರರೇ ಅಭ್ಯರ್ಥಿಗೆ ಹಣ ಕೊಟ್ಟು, ಓಟನ್ನೂ ಕೊಟ್ಟು ವಿಧಾನಸಭೆಗೆ ಕಳುಹಿಸಿದ ಕಾಲವೊಂದಿತ್ತು. ಹಾಗೆ ಆರಿಸಿ ಹೋದವರು ಶಾಂತವೇರಿ ಗೋಪಾಲಗೌಡರು. ಅವರು ಜನಿಸಿ ನೂರು ವರ್ಷ ದಾಟಿದೆ, ತೀರಿಕೊಂಡು ಅರ್ಧ ಶತಮಾನ ಕಳೆದಿದೆ. ಅವರ ಬದುಕು ಇಂದಿನ ಮತದಾರರಾದ ನಮಗೆ ಹೇಳುವ ಮಾತು ಮಾತ್ರ ಹಳತಾಗಿಲ್ಲ.

ಬಾಲ್ಯ ಮತ್ತು ಸೆರೆವಾಸ

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಅವರದು ಬಡ ಕುಟುಂಬ. ತೀರ್ಥಹಳ್ಳಿ, ಶಿವಮೊಗ್ಗಗಳಲ್ಲಿ ಓದು. 1942ರಲ್ಲಿ ಗಾಂಧೀಜಿಯವರು ಬ್ರಿಟಿಷರೇ ದೇಶ ಬಿಟ್ಟು ತೊಲಗಿ ಎಂಬ ಕರೆ ಕೊಟ್ಟಾಗ ವಿದ್ಯಾರ್ಥಿಯಾಗಿದ್ದ ಅವರು ಚಳವಳಿಗೆ ಧುಮುಕಿ ಸೆರೆಮನೆ ಸೇರಿದರು. ಸ್ವಾತಂತ್ರ್ಯ ಬಂದ ಮೇಲೆ ಬಹಳ ಮಂದಿ ಅಧಿಕಾರದ ಕಡೆ ನಡೆದರೆ ಗೋಪಾಲಗೌಡರು ಸಮಾಜವಾದಿ ಪಕ್ಷದ ಕಡೆ ನಡೆದರು. ಡಾ. ರಾಮಮನೋಹರ ಲೋಹಿಯಾ ಅವರ ವಿಚಾರಗಳು ಅವರನ್ನು ಕೊನೆಯವರೆಗೂ ನಡೆಸಿದವು.

ಕಾಗೋಡಿನ ಕೊಳಗ

ಆಗಿನ ಮಲೆನಾಡಿನ ಸ್ಥಿತಿ ನಮ್ಮ ಹಿರಿಯರಿಗೆ ಅಪರಿಚಿತವೇನಲ್ಲ. ಗದ್ದೆ ಒಡೆಯರದು, ಬೆವರು ಗೇಣಿದಾರನದು. ಬೆಳೆದ ಭತ್ತದಲ್ಲಿ ಗೇಣಿ ಅಳೆದು ಕೊಟ್ಟ ಮೇಲೆ ಉಳಿದದ್ದರಲ್ಲಿ ಸಂಸಾರ ಸಾಗಬೇಕು. ಮುಂದಿನ ವರ್ಷ ಅದೇ ಗದ್ದೆ ಸಿಗುವುದೋ ಇಲ್ಲವೋ ಒಡೆಯರ ಮರ್ಜಿ.

ಸಾಗರ ತಾಲೂಕಿನ ಕಾಗೋಡಿನಲ್ಲಿ ಜಗಳ ಹುಟ್ಟಿದ್ದು ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಗೇಣಿ ಅಳೆಯಲು ಬಳಸುವ ಕೊಳಗ ದೊಡ್ಡದು, ಅದರಲ್ಲಿ ತಾವು ಅಳೆದು ಕೊಡುವುದಿಲ್ಲ ಎಂದು ಗೇಣಿದಾರರು ಹಟ ಹಿಡಿದರು. ಹೊರಗಿನವರಿಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಆದರೆ ಪ್ರತಿ ಕೊಳಗದಲ್ಲಿ ಹೆಚ್ಚಿಗೆ ಹೋಗುವ ಭತ್ತವೆಂದರೆ ಆ ಮನೆಯ ಮಳೆಗಾಲದ ಊಟ. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಅವರನ್ನು ಒಗ್ಗೂಡಿಸಿದ್ದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ತಂಡ ತಂಡವಾಗಿ ನೇಗಿಲು ಹಿಡಿದು ಗದ್ದೆಗೆ ಇಳಿದರು, ಪೊಲೀಸರು ಬಂಧಿಸಿದರು, ಮರುದಿನ ಮತ್ತೊಂದು ತಂಡ ಇಳಿಯಿತು. ಸಮಾಜವಾದಿ ಪಕ್ಷ ಚಳವಳಿಯ ನೇತೃತ್ವ ವಹಿಸಿತು. ಅದರ ಮುಂಚೂಣಿಯಲ್ಲಿದ್ದವರು ಇಪ್ಪತ್ತೆಂಟರ ಪ್ರಾಯದ ಗೋಪಾಲಗೌಡರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಆಗ ಇಡೀ ದೇಶ ಈ ಸಣ್ಣ ಹಳ್ಳಿಯ ಕಡೆ ತಿರುಗಿ ನೋಡಿತು.

ಸತ್ಯಾಗ್ರಹದಿಂದ ಗೇಣಿದಾರರಿಗೆ ಆ ವರ್ಷ ಭೂಮಿ ಸಿಗಲಿಲ್ಲ. ಆದರೆ ತಲೆತಗ್ಗಿಸಿ ನಿಲ್ಲುತ್ತಿದ್ದವರು ತಲೆಯೆತ್ತಿ ನಿಲ್ಲಲು ಕಲಿತರು. ಅದರ ಫಲ ಮುಂದಿನ ವರ್ಷದ ಮತಪೆಟ್ಟಿಗೆಯಲ್ಲಿ ಕಂಡಿತು.

1952ರ ಚುನಾವಣೆ

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದಾಗ ದಕ್ಷಿಣ ಕನ್ನಡ ಇನ್ನೂ ಮದರಾಸು ರಾಜ್ಯದಲ್ಲಿತ್ತು. ಹಳೆಯ ಮೈಸೂರು ರಾಜ್ಯದ ವಿಧಾನಸಭೆಯಲ್ಲಿ ಇದ್ದದ್ದು 99 ಸ್ಥಾನ. ಸಾಗರ-ಹೊಸನಗರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ನಿಂತವರು ಎ.ಆರ್. ಬದರಿನಾರಾಯಣ್, ಅನುಕೂಲಸ್ಥರು, ಪ್ರಭಾವಿಗಳು. ಅವರೆದುರು ನಿಂತ ಗೋಪಾಲಗೌಡರಿಗೆ ಹಣವೂ ಇರಲಿಲ್ಲ, ವಾಹನವೂ ಇರಲಿಲ್ಲ. ಜಾತಿಯ ಬಲವೂ ಇರಲಿಲ್ಲ. ಕಾಗೋಡಿನ ಗೇಣಿದಾರರಲ್ಲಿ ಬಹುಪಾಲು ದೀವರು. ಗೋಪಾಲಗೌಡರು ಆ ಸಮುದಾಯದವರಲ್ಲ.

ಅವರು ಹಳ್ಳಿಯಿಂದ ಹಳ್ಳಿಗೆ ನಡೆದು ಜನರ ಮುಂದೆ ಕೈಚಾಚಿದರು. ಕೇಳಿದ್ದು ಎರಡನ್ನು: ಒಂದು ಓಟು ಮತ್ತು ಒಂದು ನೋಟು. ಗೇಣಿ ಕೊಟ್ಟು ಬರಿಗೈಯಾಗಿದ್ದ ಜನರೇ ರೂಪಾಯಿ ಕೂಡಿಸಿ ಅವರ ಚುನಾವಣೆ ನಡೆಸಿದರು. ಆಗ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಮತಪೆಟ್ಟಿಗೆ. ಜೋಡೆತ್ತಿನ ಗುರುತಿನ ಕಾಂಗ್ರೆಸ್ ಪೆಟ್ಟಿಗೆಯನ್ನು ದಾಟಿ ಬಂದು, ಮರದ ಗುರುತಿದ್ದ ಪೆಟ್ಟಿಗೆಗೆ ಅವರು ಚೀಟಿ ಹಾಕಿದರು. ರಾಜ್ಯದಲ್ಲಿ ಕಾಂಗ್ರೆಸ್ 74 ಸ್ಥಾನ ಗೆದ್ದ ಆ ಚುನಾವಣೆಯಲ್ಲಿ ಸಮಾಜವಾದಿ ಪಕ್ಷಕ್ಕೆ ಸಿಕ್ಕಿದ್ದು ಮೂರೇ ಮೂರು. ಅದರಲ್ಲಿ ಒಂದು ಗೋಪಾಲಗೌಡರದು.

ಇಲ್ಲಿ ನಾವು ಗಮನಿಸಬೇಕಾದ ವಿಷಯವಿದೆ. ಅಭ್ಯರ್ಥಿಯಿಂದ ಹಣ ಪಡೆದ ಮತದಾರನಿಗೆ ಐದು ವರ್ಷ ಪ್ರಶ್ನೆ ಕೇಳುವ ನೈತಿಕ ಬಲ ಉಳಿಯುವುದಿಲ್ಲ. ಅಭ್ಯರ್ಥಿಗೆ ಹಣ ಕೊಟ್ಟ ಮತದಾರ ಮಾತ್ರ ಲೆಕ್ಕ ಕೇಳಬಲ್ಲ. ಆ ಒಂದು ರೂಪಾಯಿಯಿಂದ ಗೋಪಾಲಗೌಡರು ತಮ್ಮ ಜನರಿಗೆ ಋಣಿಯಾದರು. ಆ ಋಣವನ್ನು ಅವರು ಮರೆಯಲಿಲ್ಲ.

ಸೋಲು, ಮತ್ತೆ ಗೆಲುವು

1956ರಲ್ಲಿ ಕನ್ನಡ ನಾಡು ಒಂದಾಗಿ ವಿಧಾನಸಭೆ 208 ಸ್ಥಾನಗಳಿಗೆ ಬೆಳೆಯಿತು. ನಾವೂ ಅದೇ ಸದನಕ್ಕೆ ಮತ ಹಾಕುವವರಾದೆವು. ಆದರೆ 1957ರಲ್ಲಿ ಗೋಪಾಲಗೌಡರು ಸೋತರು. ತೀರ್ಥಹಳ್ಳಿಯಲ್ಲಿ ಆ ಬಾರಿ ಗೆದ್ದವರು ಬದರಿನಾರಾಯಣ್. ಸೋತ ಮೇಲೂ ಗೋಪಾಲಗೌಡರು ಪಕ್ಷ ಬದಲಿಸಲಿಲ್ಲ, ಜನರ ನಡುವಿನ ಓಡಾಟ ಬಿಡಲಿಲ್ಲ. 1962ರಲ್ಲಿ ಮತ್ತು 1967ರಲ್ಲಿ ಅದೇ ತೀರ್ಥಹಳ್ಳಿ ಅವರನ್ನು ಆರಿಸಿ ಕಳುಹಿಸಿತು.

ಸದನದಲ್ಲಿ ಅವರು ಎಂದಿಗೂ ವಿರೋಧ ಪಕ್ಷದವರೇ. ಮಂತ್ರಿಯಾಗಲಿಲ್ಲ. ಗೇಣಿದಾರನಿಗೆ ಭೂಮಿ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಇವು ಅವರ ಹೋರಾಟದ ವಿಷಯಗಳು. ಅವರದು ಮುಂಗೋಪದ ಸ್ವಭಾವವೂ ಹೌದು. ಸದನದಲ್ಲಿ ತಾಳ್ಮೆ ಕಳೆದುಕೊಂಡು ಟೀಕೆಗೆ ಗುರಿಯಾದದ್ದೂ ಉಂಟು. ಆದರೆ ಆ ಕೋಪ ಸ್ವಂತ ಲಾಭಕ್ಕಾಗಿ ಎಂದು ಅವರ ವಿರೋಧಿಗಳೂ ಹೇಳಲಿಲ್ಲ. ಸಾಹಿತ್ಯದ ಒಲವಿದ್ದ ಅವರಿಗೆ ಕವಿ ಗೋಪಾಲಕೃಷ್ಣ ಅಡಿಗರಂಥ ಗೆಳೆಯರಿದ್ದರು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಗೆ ಪ್ರೇರಣೆಯಾದದ್ದು ಅವರ ಬದುಕೇ. ಅವರ ಪ್ರಭಾವದಲ್ಲಿ ಬೆಳೆದ ಎಸ್. ಬಂಗಾರಪ್ಪ ಮತ್ತು ಜೆ.ಎಚ್. ಪಟೇಲ್ ಮುಂದೆ ಮುಖ್ಯಮಂತ್ರಿಗಳಾದರು.

ಕೊನೆಯ ವರ್ಷಗಳಲ್ಲಿ ಕಾಯಿಲೆ ಅವರನ್ನು ಹಣ್ಣು ಮಾಡಿತು. 1972ರ ಜೂನ್ 9ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮೂರು ಬಾರಿ ಶಾಸಕರಾಗಿದ್ದರೂ ಪತ್ನಿ ಸೋನಕ್ಕ ಮತ್ತು ಮಕ್ಕಳಿಗೆ ಆಸ್ತಿಯೆಂದು ಬಿಟ್ಟುಹೋದದ್ದು ಏನೂ ಇರಲಿಲ್ಲ.

ಅವರು ನೋಡದೆ ಹೋದ ಫಲ

1952ರಲ್ಲಿ ಗೋಪಾಲಗೌಡರ ಜೊತೆಗೇ ಮೈಸೂರು ವಿಧಾನಸಭೆಗೆ ಆರಿಸಿ ಬಂದಿದ್ದ ಹುಣಸೂರಿನ ದೇವರಾಜ ಅರಸರು 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾಗಿದ್ದರು. ಮರುವರ್ಷ, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1974ರ ಮಾರ್ಚ್ 1ರಿಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು, ಗೇಣಿಯಲ್ಲಿದ್ದ ಭೂಮಿ ಸರಕಾರಕ್ಕೆ ಸೇರಿ, ಉಳುವವನು ಅರ್ಜಿ ಹಾಕಿ ಒಡೆಯನಾಗುವ ದಾರಿ ತೆರೆಯಿತು. ಗೋಪಾಲಗೌಡರು ಎರಡು ದಶಕ ಕೇಳಿದ್ದು ಅವರು ಕಣ್ಮುಚ್ಚಿದ ಎರಡೇ ವರ್ಷಗಳಲ್ಲಿ ಕಾನೂನಾಯಿತು.

ಈ ಕಾನೂನು ನಮ್ಮ ಕರಾವಳಿಯ ಮನೆಮನೆಯ ಕತೆ. ಅರಸರ ಸರಕಾರದಲ್ಲಿ ಭೂಸುಧಾರಣೆಯ ಹೊಣೆ ಹೊತ್ತ ಬಿ. ಸುಬ್ಬಯ್ಯ ಶೆಟ್ಟರು ನಮ್ಮ ಕರಾವಳಿಯವರೇ. ಏಳನೇ ನಂಬರಿನ ಫಾರಂ ತುಂಬಿಸಿ ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ಬಾಗಿಲಲ್ಲಿ ಕಾದು ನಿಂತ ಅಜ್ಜಂದಿರು ನಮ್ಮ ಚರ್ಚುಗಳ ವ್ಯಾಪ್ತಿಯಲ್ಲೂ ಬಹಳ ಮಂದಿ. ಗೇಣಿ ಪಡೆಯುತ್ತಿದ್ದು ಭೂಮಿ ಕಳೆದುಕೊಂಡವರೂ ನಮ್ಮಲ್ಲಿದ್ದಾರೆ. ಎರಡೂ ಮನೆಗಳವರು ಇಂದು ಒಂದೇ ಬಲಿಪೂಜೆಯಲ್ಲಿ ಕೂರುತ್ತಾರೆ. ಆ ಕಾಲದ ನೋವು ಕೆಲವರಲ್ಲಿ ಇನ್ನೂ ಉಳಿದಿರಬಹುದು. ಆದರೆ ಗೇಣಿ ಗದ್ದೆ ಸ್ವಂತವಾದ್ದರಿಂದಲೇ ಮಕ್ಕಳು ಶಾಲೆಗೆ ಹೋದ ಮನೆಗಳು ಎಷ್ಟು ಎಂಬುದನ್ನು ನಾವು ಬಲ್ಲೆವು.

2020ರಲ್ಲಿ ಇದೇ ಕಾಯ್ದೆಗೆ ಮತ್ತೊಂದು ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧಗಳು ಹೋದವು. ಅದು ಸರಿಯೋ ತಪ್ಪೋ ಎಂಬ ಬಗ್ಗೆ ಭಿನ್ನ ಅಭಿಪ್ರಾಯಗಳಿರಬಹುದು. ಆದರೆ ಭೂಮಿ ಯಾರದಾಗಬೇಕೆಂದು ತೀರ್ಮಾನಿಸುವುದು ವಿಧಾನಸಭೆ. ಅಲ್ಲಿ ಕೂರುವವರನ್ನು ತೀರ್ಮಾನಿಸುವವರು ನಾವು. ಕಾಗೋಡಿನ ಓದುಬರಹ ತಿಳಿಯದ ಗೇಣಿದಾರರು ಇದನ್ನು 1952ರಲ್ಲೇ ಅರಿತಿದ್ದರು.

ಮುಂದಿನ ಚುನಾವಣೆಯ ಹಿಂದಿನ ರಾತ್ರಿ ಯಾರಾದರೂ ಬಾಗಿಲು ತಟ್ಟಿ ಲಕೋಟೆ ಚಾಚಿದರೆ, ಆ ಬಡವರು ಕೊಟ್ಟ ಒಂದು ರೂಪಾಯಿಯನ್ನು ನೆನಪಿಸಿಕೊಳ್ಳೋಣ. ನಮ್ಮ ಯುವಜನರಿಗೂ ಈ ಕತೆ ಹೇಳೋಣ.