ಜೋಸೆಫೀನ್ ಬಟ್ಲರ್ ಅಮ್ಮನವರು

ಇಂಗ್ಲೆಂಡಿನ ಉತ್ತರ ಸೀಮೆಯಾದ ನಾರ್ಥಂಬರ್ಲೆಂಡಿನಲ್ಲಿ 1828ನೆಯ ಇಸವಿ ಏಪ್ರಿಲ್ 13ರಂದು ಜನಿಸಿದ ಜೋಸೆಫೀನರ ತಂದೆ ಜಾನ್ ಗ್ರೇ ಎಂಬವರು ಗುಲಾಮರ ವ್ಯಾಪಾರದ ಕಡುವಿರೋಧಿಗಳು. 1852ರಲ್ಲಿ ಅವರು ಜಾರ್ಜ್ ಬಟ್ಲರ್ ಎಂಬ ವಿದ್ವಾಂಸರನ್ನು ವಿವಾಹವಾದರು. 1864ರಲ್ಲಿ ಅವರ ಒಬ್ಬಳೇ ಮಗಳು ಈವಾ, ಮನೆಗೆ ಹಿಂದಿರುಗಿದ ತಂದೆತಾಯಿಗಳನ್ನು ಎದುರುಗೊಳ್ಳಲು ಓಡಿಬರುತ್ತ ಮಹಡಿಯಿಂದ ಬಿದ್ದು ಮೃತಳಾದಳು.

ಎರಡು ವರುಷಗಳ ತರುವಾಯ ಪತಿಗೆ ಲಿವರ್‌ಪೂಲ್ ಕಾಲೇಜಿನ ಮುಖ್ಯಸ್ಥ ಪದವಿ ದೊರೆಯಿತು. ತಮಗಿಂತಲೂ ಹೆಚ್ಚು ನೊಂದವರನ್ನು ಅರಸುತ್ತ ಅಮ್ಮನವರು ಆ ಊರಿನ ಅನಾಥಾಲಯಕ್ಕೆ ಹೋದರು. ಅಲ್ಲಿ ದಿಕ್ಕಿಲ್ಲದ ಹೆಂಗಸರು ಹಡಗಿನ ಹಳೆಯ ಹಗ್ಗಗಳನ್ನು ಬಿಚ್ಚಿ ನಾರು ತೆಗೆಯುತ್ತಿದ್ದರು. ಅವರ ನಡುವೆ ನೆಲದ ಮೇಲೆಯೇ ಕುಳಿತು ತಾವೂ ನಾರು ಬಿಡಿಸತೊಡಗಿದರು. ಪಳಗದ ಆ ಬೆರಳುಗಳನ್ನು ಕಂಡು ಹೆಂಗಸರು ನಕ್ಕರಂತೆ. ಆ ನಗೆಯಿಂದಲೇ ಸ್ನೇಹವು ಹುಟ್ಟಿತು. ರೋಗಿಗಳಾಗಿದ್ದ ಕೆಲವರನ್ನು ತಮ್ಮ ಮನೆಗೇ ಕರೆತಂದು ಆರೈಕೆ ಮಾಡಿದರು.

ಆ ಕಾಲದಲ್ಲಿ, ಸಿಪಾಯಿಗಳಿಗೆ ರೋಗ ತಗಲದಿರಲೆಂದು, ದಂಡಿನ ಊರುಗಳಲ್ಲಿ ವೇಶ್ಯೆಯೆಂಬ ಶಂಕೆಗೊಳಗಾದ ಯಾವ ಹೆಂಗಸನ್ನಾದರೂ ಪೊಲೀಸರು ಬಲಾತ್ಕಾರದ ದೇಹಪರೀಕ್ಷೆಗೆ ಒಳಪಡಿಸುವ ಕಾನೂನು ಇತ್ತು. ಒಪ್ಪದವಳಿಗೆ ಸೆರೆಮನೆ, ಪುರುಷನಿಗೆ ಯಾವ ಪರೀಕ್ಷೆಯೂ ಇಲ್ಲ. 1869ರಲ್ಲಿ ಅಮ್ಮನವರು ಇದರ ವಿರುದ್ಧ ಮಹಿಳಾಸಂಘದ ಮುಂದಾಳಾದರು. 1872ರಲ್ಲಿ ಪಾಂಟಿಫ್ರ್ಯಾಕ್ಟಿನಲ್ಲಿ ಸ್ತ್ರೀಯರ ಸಭೆ ನಡೆಯುತ್ತಿದ್ದ ಅಟ್ಟದ ಕೆಳಗೆ ವಿರೋಧಿಗಳು ಹುಲ್ಲಿಗೆ ಬೆಂಕಿಯಿಟ್ಟರು.

ಇಂತಹ ವಿಷಯವನ್ನು ಶಾಲೆಯ ಸಂಚಿಕೆಯಲ್ಲಿ ಎತ್ತಬಹುದೇ ಎಂದು ಕೆಲವು ತಂದೆತಾಯಂದಿರು ಶಂಕಿಸಿಯಾರು. ಅಮ್ಮನವರ ಕಾಲದ ಸಭ್ಯರೂ ಹಾಗೆಯೇ ಶಂಕಿಸಿದರು. ಅವರ ಆ ಮೌನವೇ ಹೆಣ್ಣುಮಕ್ಕಳನ್ನು ಮಾರುವವರಿಗೆ ಆಸರೆಯಾಯಿತು. ಕೆಲಸ ಕೊಡಿಸುವೆವೆಂಬ ನಯವಾದ ಮಾತಿಗೆ ಮರುಳಾದ ಇಂಗ್ಲಿಷ್ ಬಾಲೆಯರನ್ನು ದಲ್ಲಾಳಿಗಳು ಬೆಲ್ಜಿಯಂ ದೇಶಕ್ಕೆ ಸಾಗಿಸುತ್ತಿದ್ದರು. ಅಲ್ಲಿ 21 ವರುಷ ತುಂಬದವರನ್ನು ವೇಶ್ಯಾಗೃಹದ ಪಟ್ಟಿಗೆ ಸೇರಿಸುವಂತಿರಲಿಲ್ಲ; ಆದಕಾರಣ ಬೇರೊಬ್ಬ ಹಿರಿಯಳ ಜನನಪತ್ರವನ್ನು ತೋರಿಸಿ ಬಾಲೆಯನ್ನು ಆ ಹೆಸರಿನಲ್ಲಿ ಬರೆಯಿಸುತ್ತಿದ್ದರು. ತನ್ನ ಹೆಸರನ್ನೇ ಕಳೆದುಕೊಂಡು, ಪರಭಾಷೆಯ ಊರಿನಲ್ಲಿ, ಆಕೆ ಯಾರಿಗೆ ಮೊರೆಯಿಡಬೇಕು? 1880ರಲ್ಲಿ ಬಟ್ಲರ್ ಅಮ್ಮನವರು ಇದನ್ನು ಬಹಿರಂಗಪಡಿಸಿ ಪ್ರಮಾಣಪೂರ್ವಕವಾಗಿ ಸಾಕ್ಷಿ ನುಡಿದರು. ಅದೇ ವರುಷ ಬ್ರಸೆಲ್ಸಿನಲ್ಲಿ ವೇಶ್ಯಾಗೃಹಗಳ ಯಜಮಾನರಿಗೆ ಶಿಕ್ಷೆಯಾಯಿತು. ಬಳಿಕ ಆ ಪಟ್ಟಣದ ಪೊಲೀಸು ಮುಖ್ಯಾಧಿಕಾರಿಯೂ ಪದವಿ ಕಳೆದುಕೊಂಡನು.

1885ರಲ್ಲಿ ಪಾರ್ಲಿಮೆಂಟು ಬಾಲೆಯರ ಸಮ್ಮತಿಯ ವಯಸ್ಸನ್ನು 13ರಿಂದ 16ಕ್ಕೆ ಏರಿಸಿತು. ಮರುವರುಷ ಆ ದೇಹಪರೀಕ್ಷೆಯ ಕಾನೂನು ರದ್ದಾಯಿತು. ಹಿಂದೂದೇಶದಲ್ಲಿದ್ದ ಅಂತಹುದೇ ಕಾನೂನು 1888ರಲ್ಲಿ ರದ್ದಾದರೂ, ಇಲ್ಲಿಯ ದಂಡುಗಳಲ್ಲಿ ಆ ಪದ್ಧತಿ ಮರೆಯಾಗಿ ಮುಂದುವರಿಯಿತು. ಅಮ್ಮನವರು ಮುಪ್ಪಿನಲ್ಲಿಯೂ ಅದರ ವಿರುದ್ಧ ಬರೆಯುತ್ತಲೇ ಇದ್ದರು. 1906ರ ದಶಂಬರ 30ರಂದು, ತಾವು ಹುಟ್ಟಿದ ನಾರ್ಥಂಬರ್ಲೆಂಡಿನಲ್ಲಿಯೇ ಕರ್ತನಲ್ಲಿ ನಿದ್ರೆಹೋದರು.