ಅಳತೆಗಾರ ಬರ್ಟಿಲಾನ್

ರಾಜಾಜಿನಗರದ ನಮ್ಮ ಮನೆಯ ಗೋಡೆಯ ಮೇಲೊಂದು ಹಳೆಯ ಛಾಯಾಚಿತ್ರವಿದೆ. ಅದರಲ್ಲಿ ಮುಂದೆ ಕುಳಿತ ತಂಗಿಯ ಮುಖ ಹಿಂದೆ ನಿಂತ ತಂದೆಯವರ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹತ್ತಿರದ್ದು ಹಿರಿದು, ದೂರದ್ದು ಕಿರಿದು. ಚಿತ್ರವನ್ನು ನಂಬಿ ಅಳೆದವನು ಮೋಸಹೋಗುತ್ತಾನೆ. ಈ ಮೋಸವನ್ನು ಗಣಿತದಿಂದ ಗೆಲ್ಲಹೊರಟವರಲ್ಲಿ ಆಲ್ಫೋನ್ಸ್ ಬರ್ಟಿಲಾನ್ ಒಬ್ಬ.

1853ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈತ 1879ರಲ್ಲಿ ಅಲ್ಲಿನ ಪೊಲೀಸ್ ಕಚೇರಿಯ ಗುಮಾಸ್ತನಾದ. ದೇಹದ ಅಳತೆಗಳಿಂದ ಹಳೆಯ ಅಪರಾಧಿಗಳನ್ನು ಗುರುತಿಸುವ ಪದ್ಧತಿಯನ್ನು ಕಟ್ಟಿ ಹೆಸರಾದ. ಅನಂತರ ಕೊಲೆ ನಡೆದ ಕೋಣೆಗಳತ್ತ ತಿರುಗಿದ. ಎತ್ತರದ ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಚಿತ್ರದ ಅಂಚಿಗೆ ಅಳತೆಯ ಗೆರೆಗಳನ್ನು ಕೂಡಿಸಿದ. ಶವವನ್ನು ಸಾಗಿಸಿದ ಮೇಲೂ, ಅದು ಬಾಗಿಲಿಗೆ ಎಷ್ಟು ದೂರವಿತ್ತೆಂಬುದನ್ನು ಚಿತ್ರದಿಂದಲೇ ಲೆಕ್ಕಹಾಕಬಹುದಾಯಿತು. ಇಂದಿನ ಕಂಪ್ಯೂಟರ್ ತಂತ್ರಾಂಶ ಹಲವು ಕೋನಗಳ ಚಿತ್ರಗಳನ್ನು ಹೊಂದಿಸಿ ಇಡೀ ಕೋಣೆಯನ್ನೇ ಮರುರೂಪಿಸುತ್ತದೆ. ಆದರೂ ನಮಗೆ ತಿಳಿದ ಉದ್ದವೊಂದು ಸಿಗದೆ, ಬರಿಯ ಚಿತ್ರಗಳಿಂದ ನಿಜವಾದ ಅಳತೆ ಅದಕ್ಕೂ ದಕ್ಕದು.

ಅಂಥ ಆಧಾರವಿಲ್ಲದ ಎಡೆಯಲ್ಲಿ ಬರ್ಟಿಲಾನನೇ ಎಡವಿದ. 1894ರಲ್ಲಿ ಡ್ರೇಫಸ್ ಎಂಬ ಸೇನಾಧಿಕಾರಿಯ ಮೇಲೆ ದೇಶದ್ರೋಹದ ಆಪಾದನೆ ಬಂದಾಗ, ತಾನು ಪರಿಣತನಲ್ಲದ ಕೈಬರಹದ ವಿಷಯದಲ್ಲಿ ಸಾಕ್ಷಿ ನುಡಿದ. ಬರಹ ಹೊಂದದ ಕಡೆಗಳನ್ನು ಡ್ರೇಫಸ್ ಬೇಕೆಂದೇ ತಿರುಚಿದ್ದಾನೆಂದು ವಾದಿಸಿದ. ನಿರಪರಾಧಿಗೆ ದೂರದ ದ್ವೀಪದ ಸೆರೆಯಾಯಿತು. ಅವನು ದೋಷಮುಕ್ತನಾದದ್ದು 1906ರಲ್ಲಿ. ಬರ್ಟಿಲಾನ್ 1914ರಲ್ಲಿ ತೀರಿಕೊಂಡ.

ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗ ನನಗೆ ಈತನ ನೆನಪಾಗುತ್ತದೆ. ಅಂಕವಿಡುವ ಮುನ್ನ ನನ್ನ ಅಳತೆಗೋಲು ಯಾವುದೆಂದು ಒಮ್ಮೆ ಕೇಳಿಕೊಳ್ಳುತ್ತೇನೆ.