ಡೆಪ್ಯುಟಿ ಚೆನ್ನಬಸಪ್ಪನವರು

ಡೆಪ್ಯುಟಿ ಎಂಬುದು ಮನೆತನದ ಹೆಸರಲ್ಲ. ಮುಂಬಯಿ ಸರಕಾರದ ವಿದ್ಯಾ ಖಾತೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿದ್ದ ಚೆನ್ನಬಸಪ್ಪನವರಿಗೆ ಹುದ್ದೆಯೇ ಹೆಸರಾಗಿ ಉಳಿಯಿತು.

1834ರ ಸುಮಾರಿಗೆ ಧಾರವಾಡದಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಓದಿದರು. ಆಗ ಧಾರವಾಡ, ಬೆಳಗಾವಿ ಸೀಮೆಯ ಕಚೇರಿಗಳಲ್ಲೂ ಶಾಲೆಗಳಲ್ಲೂ ಮರಾಠಿಯದೇ ಮೇಲುಗೈ. ಮನೆಯಲ್ಲಿ ಕನ್ನಡವಾಡುವ ಒಕ್ಕಲಿನ ಮಗು ಶಾಲೆಗೆ ಹೋದರೆ ಮೊದಲು ಬೇರೊಂದು ಭಾಷೆ ಕಲಿಯಬೇಕು, ಆಮೇಲೆ ಲೆಕ್ಕ. ಗಡಿಯಲ್ಲಿರುವ ನಮಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡ ಶಾಲೆ ಬೇಕೆಂದು ಅರ್ಜಿ ಬರೆಯುವುದು ಸುಲಭ. ಕಲಿಸುವ ಮಾಸ್ತರರೆಲ್ಲಿ? ಚೆನ್ನಬಸಪ್ಪನವರ ದೊಡ್ಡತನ ನಮಗೆ ಕಾಣುವುದು ಇಲ್ಲಿಯೇ. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ ಅವರು ಮೊದಲು ಮಾಸ್ತರರನ್ನು ತಯಾರು ಮಾಡಿದರು. ಮುಂದೆ ಟ್ರೇನಿಂಗ್ ಕಾಲೇಜೆಂದು ಹೆಸರಾದದ್ದು ಇದೇ ಸಂಸ್ಥೆ. ಅಲ್ಲಿ ಕಲಿತು ಹೊರಟವರಿಂದಲೇ ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ನಿಂತವು. ಮೇಲಧಿಕಾರಿ ರಸೆಲ್ ಸಾಹೇಬರ ಬೆಂಬಲವೂ ದೊರೆಯಿತು. ಬಿಳಿಯ ಅಧಿಕಾರಿಯಾದರೂ ಅವರ ಋಣ ಮರೆಯುವಂಥದ್ದಲ್ಲ.

ಕನ್ನಡದಲ್ಲಿ ಓದಲು ಏನಿದೆ ಎಂಬ ತಾತ್ಸಾರ ಆ ಕಾಲದಲ್ಲಿ ಬಹಳ. ಚೆನ್ನಬಸಪ್ಪನವರು ವಾದಕ್ಕೆ ಕೂರದೆ ಪುಸ್ತಕ ಬರೆಯಲು ಕುಳಿತರು. 1871ರಲ್ಲಿ ಷೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದರು. ಹೆಸರಿನಲ್ಲೇ ಮಾಸ್ತರರ ಗುಣವಿದೆ!

1881ರಲ್ಲಿ ಲಿಂಗೈಕ್ಯರಾದಾಗ ವಯಸ್ಸು ಇನ್ನೂ 50 ಆಗಿರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ 1890ನ್ನು ಅವರು ಕಾಣಲಿಲ್ಲ. ಅಷ್ಟರಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಒಂದು ತಲೆಮಾರು ಬೆಳೆದು ನಿಂತಿತ್ತು.